ಅರ್ಧ ಟಿಕೆಟ್ಟಿಗೆ ಒಪ್ಪದವಳು

ನಮ್ಮ ಕಟ್ಟಡದ ಎರಡನೇ ಮಹಡಿಯ ಹೆಂಗಸನ್ನು ಊರೆಲ್ಲ ರೈಟಕ್ಕ ಎಂದೇ ಕರೆಯುತ್ತದೆ. ಇಪ್ಪತ್ತೆರಡು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ನಿಂತು "ರೈಟ್, ರೈಟ್" ಎಂದು ಕೂಗಿದ ಕಂಡಕ್ಟರಿಗೆ ಇನ್ನೊಂದು ಹೆಸರು ಉಳಿಯುವುದಾದರೂ ಹೇಗೆ? ಆಳು ಕುಳ್ಳು, ದನಿ ಎತ್ತರ. ಒಮ್ಮೆ ಯಾರೋ ದೊಡ್ಡ ಮನುಷ್ಯರು ಟಿಕೆಟ್ ಕೊಳ್ಳದೆ ಕೂತು, "ನಾನು ಯಾರು ಅಂತ ಗೊತ್ತಾ?" ಎಂದು ಗದರಿಸಿದರಂತೆ. "ಗೊತ್ತಿಲ್ಲ ಅಂತಲೇ ಟಿಕೆಟ್ ಕೇಳ್ತಿರೋದು. ಗೊತ್ತಿದ್ರೂ ಕೇಳ್ತಿದ್ದೆ" ಎಂದು ಈಕೆ ಬಸ್ಸು ನಿಲ್ಲಿಸಿಯೇಬಿಟ್ಟರು. ಆ ಮನುಷ್ಯರು ಟಿಕೆಟ್ ತೆಗೆದುಕೊಂಡ ಮೇಲೆಯೇ ಬಸ್ಸು ಮುಂದಕ್ಕೆ ಹೋಯಿತು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಅರ್ಧಂಬರ್ಧ ಅಂಗಿಗಳು. ಮಾತು ಬಹಳ ಕಡಿಮೆ. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುತ್ತಿದ್ದುದರಿಂದ ಮಾತಾಡುವುದಕ್ಕೆ ಅವರಿಗೆ ಆಸ್ಪದವೂ ಇರಲಿಲ್ಲ ಅನ್ನಿ.

ಇವರಿಗೆ ಒಬ್ಬಳೇ ಮಗಳು. ಹುಟ್ಟುವಾಗ ತಡವಾಗಿ, ಉಸಿರು ಸಿಕ್ಕಿಹಾಕಿಕೊಂಡು, ಮಿದುಳಿಗೆ ಪೆಟ್ಟಾಗಿತ್ತು. ಎಡಗೈ ಮೊಣಕೈಯಲ್ಲಿ ಮಡಿಸಿಕೊಂಡು ಮುಷ್ಟಿ ಬಿಗಿಯಾಗಿಯೇ ಇರುತ್ತದೆ. ಎಡಗಾಲು ಎಳೆದು ಹಾಕುತ್ತಾಳೆ. ಮಾತು ತಲೆಯಲ್ಲಿ ಸಿದ್ಧವಿದ್ದರೂ ನಾಲಗೆಗೆ ಬರುವಷ್ಟರಲ್ಲಿ ಕೇಳುವವರ ತಾಳ್ಮೆ ಮುಗಿದಿರುತ್ತದೆ. ಮನೆಯಲ್ಲಿ ಅವಳನ್ನು ಮೊಂಡಿ ಎಂದು ಕರೆಯುತ್ತಾರೆ. ಹೊಸದಾಗಿ ಬಂದ ಬಾಡಿಗೆಯವರೊಬ್ಬರು ಇದನ್ನು ಕೇಳಿ ಕೆರಳಿ, "ಹೆತ್ತವರೇ ಮಗುವಿನ ಕೈ ಆಡಿಕೊಳ್ಳೋದಾ?" ಎಂದು ಕೇಳಿದ್ದುಂಟು.

"ಕೈಗಲ್ಲಮ್ಮ, ಹಟಕ್ಕೆ" ಎಂದರು ರೈಟಕ್ಕ. "ಎರಡು ವರ್ಷದವಳಿದ್ದಾಗ ತುತ್ತು ಬಾಯಿಗಿಟ್ರೆ ಉಗಿದು, ಅದನ್ನೇ ತನ್ನ ಕೈಲಿ ಎತ್ತಿ ತಿಂತಿದ್ಲು. ಅಂಥವಳನ್ನ ಮೊಂಡಿ ಅನ್ನದೆ ಇನ್ನೇನು ಅನ್ನಲಿ?"

ವಿಚಿತ್ರವೆಂದರೆ, ಇಷ್ಟು ಹೆಮ್ಮೆಯಿಂದ ಹೇಳುತ್ತಿದ್ದ ತಾಯಿಯೇ ಆಮೇಲೆ ಹದಿನಾಲ್ಕು ವರ್ಷ ಮಗಳ ಬಾಯಿಗೆ ತುತ್ತಿಟ್ಟದ್ದೊಂದು ಬಿಟ್ಟು ಉಳಿದದ್ದನ್ನೆಲ್ಲ ತಾವೇ ಮಾಡಿದರು.

ಅದು ಅವರ ಅರಿವಿಗೆ ಬಂದದ್ದು ಮೊಂಡಿ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದಾಗ. ಮಕ್ಕಳ ಮುಂದಿನ ದಾರಿಯ ಬಗ್ಗೆ ಮಾತಾಡಬೇಕೆಂದು ಶಾಲೆಯವರು ತಂದೆತಾಯಿಯರನ್ನು ಕರೆಸಿದ್ದರು. ರೈಟಕ್ಕ ರಜೆ ಹಾಕಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಲಹೆಗಾರ್ತಿಯ ಮೇಜಿನ ಮುಂದೆ ಕೂತರು. ಆಕೆ ಒಂದು ಬಣ್ಣದ ಹಾಳೆ ಮುಂದಿಟ್ಟರು. ಅಂಗವಿಕಲರಿಗಾಗಿ ನಡೆಸುವ ಯಾವುದೋ ಹಗಲು ಕೇಂದ್ರದ್ದು.

"ಇಲ್ಲಿ ಮಣಿ ಪೋಣಿಸೋದು, ಲಕೋಟೆ ಅಂಟಿಸೋದು ಹೇಳಿಕೊಡ್ತಾರೆ. ಮಧ್ಯಾಹ್ನ ಹಾಡು, ಆಟ. ಸುರಕ್ಷಿತವಾಗಿರ್ತಾಳೆ. ನಿಮಗೂ ನೆಮ್ಮದಿ."

"ಎಷ್ಟು ವರ್ಷ?"

"ಎಷ್ಟು ವರ್ಷ ಬೇಕಾದ್ರೂ ಇರಬಹುದು."

"ಅಂದ್ರೆ ಇಳಿಯೋ ಸ್ಟಾಪೇ ಇಲ್ಲದ ಬಸ್ಸು" ಎಂದರು ರೈಟಕ್ಕ. "ಅಲ್ಲ ಮೇಡಂ, ಒಂದು ಕೈ ಬಾರದ ಹುಡುಗಿಗೆ ಮಣಿ ಪೋಣಿಸೋಕೆ ಹೇಳ್ತೀರಲ್ಲ, ನೀವೊಮ್ಮೆ ಎಡಗೈ ಬೆನ್ನ ಹಿಂದೆ ಇಟ್ಕೊಂಡು ಪೋಣಿಸಿ ತೋರಿಸಿ. ನನ್ನ ಮಗಳಿಗೆ ಹೊತ್ತು ಕಳೆಯೋಕೆ ಜಾಗ ಬೇಡ. ಕೆಲಸ ಮಾಡೋಕೆ ಜಾಗ ಬೇಕು."

ಹಾಳೆಯನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲೇ ಬಿಟ್ಟು ಎದ್ದು ಬಂದರು. ಮೊಗಸಾಲೆಯಲ್ಲಿ ಮೊಂಡಿಗೆ ವ್ಯಾಯಾಮ ಮಾಡಿಸುತ್ತಿದ್ದ ಮೇಷ್ಟ್ರು ಸಿಕ್ಕರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮೆಲುಮಾತಿನವರು. ಒಳಗಿನ ಜಗಳವೆಲ್ಲ ಅವರ ಕಿವಿಗೂ ಬಿದ್ದಿತ್ತು.

"ಅಕ್ಕ, ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದ್ರೆ ಒಂದೆರಡು ವಿಷಯ ಕೇಳ್ಲಾ? ಇವತ್ತು ಬೆಳಗ್ಗೆ ಇವಳ ತಲೆ ಬಾಚಿದ್ದು ಯಾರು?"

"ನಾನೇ."

"ಬ್ಯಾಗ್ ತುಂಬಿದ್ದು?"

"ನಾನೇ."

"ಬಸ್ಸಲ್ಲಿ ಒಬ್ಬಳೇ ಓಡಾಡ್ತಾಳಾ?"

"ಅಯ್ಯೋ, ಬಸ್ಸಲ್ಲಿ ಎಂಥ ಜನ ಇರ್ತಾರೆ ಅಂತ ನನಗೆ ಗೊತ್ತಿಲ್ವಾ ಸರ್?"

ಮೇಷ್ಟ್ರು ಮೊಂಡಿಯ ಕಡೆ ತಿರುಗಿ, "ನಿನಗೆ ಯಾವ ಕೆಲಸ ಇಷ್ಟಮ್ಮ?" ಎಂದು ಕೇಳಿದರು. ಮೊಂಡಿ ಬಾಯಿ ತೆರೆದಳು. ಅವಳ ಮೊದಲ ಅಕ್ಷರ ಹೊರಗೆ ಬರುವ ಮೊದಲೇ ರೈಟಕ್ಕ, "ಅವಳಿಗೆ ಕಚೇರಿ ಕೆಲಸ ಇಷ್ಟ" ಎಂದುಬಿಟ್ಟರು. ಮೊಂಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವಿನಲ್ಲಿ ಸಂತೋಷದ ಸುಳಿವೂ ಇರಲಿಲ್ಲ.

"ಅವರು ಇವಳನ್ನ ಕೇಂದ್ರದಲ್ಲಿ ಕೂರಿಸ್ತೀನಿ ಅಂದ್ರು, ನಿಮಗೆ ಸಿಟ್ಟು ಬಂತು" ಎಂದರು ಮೇಷ್ಟ್ರು. "ನೀವು ಮನೇಲಿ ಕೂರಿಸಿದ್ದೀರಿ. ಅಷ್ಟೇ ವ್ಯತ್ಯಾಸ."

ಆ ದಿನ ಮನೆಗೆ ಬಂದ ಮೇಲೆ ರೈಟಕ್ಕ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡ ಸದ್ದು ಮೂರನೇ ಮಹಡಿಯಲ್ಲಿದ್ದ ನನಗೂ ಕೇಳಿಸಿತು. ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನನಗೆ ಈ ಮನೆಯ ಜಗಳಗಳೆಲ್ಲ ಹೀಗೆಯೇ, ಮೊದಲು ಸದ್ದಾಗಿ, ಆಮೇಲೆ ಸುದ್ದಿಯಾಗಿ ತಲುಪುತ್ತವೆ.

ಮರುದಿನ ಮೊಂಡಿ ಒಂದು ದೊಡ್ಡ ಹಾಳೆಯಲ್ಲಿ, ತನಗಾಗಿ ಅಮ್ಮ ಮಾಡುವ ಕೆಲಸಗಳನ್ನೆಲ್ಲ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಒಟ್ಟು ಮೂವತ್ತೊಂದು. ಉಗುರು ಕತ್ತರಿಸುವುದು, ಚಪ್ಪಲಿ ಹಾಕುವುದು, ಟೀ ಮಾಡುವುದು, ವೈದ್ಯರ ಹತ್ತಿರ ಮಾತಾಡುವುದು. ಕೊನೆಯದು, "ನನ್ನ ವಾಕ್ಯ ಮುಗಿಸುವುದು."

ರೈಟಕ್ಕ ಅದನ್ನು ಓದಿ, "ಇದೇನು, ನನ್ನ ಮೇಲೆ ಚಾರ್ಜ್‌ಶೀಟಾ?" ಎಂದರು. ಗಂಡ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, "ಹೌದು" ಎಂದರು. ಹಾಗೆ ಶುರುವಾಯಿತು.

ಮೊದಲು ಹೋದದ್ದು ಜಡೆ. ಒಂದು ಕೈಯಲ್ಲಿ ಜಡೆ ಹೆಣೆಯಲು ಆಗುವುದಿಲ್ಲವೆಂದು ಮೊಂಡಿ ಕಿವಿಯವರೆಗೆ ಕೂದಲು ಕತ್ತರಿಸಿಕೊಂಡು ಬಂದಳು. ಸೊಂಟದವರೆಗಿದ್ದ ಕೂದಲನ್ನು ಹದಿನಾರು ವರ್ಷ ಎಣ್ಣೆ ಹಚ್ಚಿ ಸಾಕಿದ ತಾಯಿ ಎರಡು ದಿನ ಊಟ ಬಿಟ್ಟರು. ಮಗಳು ಸಂತೈಸಲಿಲ್ಲ. ಮೂರನೇ ದಿನ ತಾನೇ ಟೀ ಮಾಡಿ ತಂದುಕೊಟ್ಟಳು. ಆ ಒಂದು ಲೋಟ ಟೀಗೆ ಎರಡು ಲೋಟ ಒಡೆದಿದ್ದವು, ಬಲ ಮಣಿಕಟ್ಟಿನಲ್ಲಿ ಬೊಬ್ಬೆ ಎದ್ದಿತ್ತು. ರೈಟಕ್ಕ ಓಡಿಹೋಗಿ ಮುಲಾಮು ತಂದರು. "ಕೊಡು, ನಾನೇ ಹಚ್ಕೋತೀನಿ" ಎಂದಳು ಮೊಂಡಿ. ಬಲಗೈಯ ಗಾಯಕ್ಕೆ ಬಿಗಿದ ಎಡಗೈಯಿಂದ ಮುಲಾಮು ಹಚ್ಚಿಕೊಳ್ಳುವುದನ್ನು ನೋಡುತ್ತ ಸುಮ್ಮನೆ ಕೂರಬೇಕಾಗಿ ಬಂದ ಆ ಹತ್ತು ನಿಮಿಷ, ತಮ್ಮ ಇಡೀ ಸರ್ವೀಸಿನಲ್ಲೇ ಅತಿ ಕಷ್ಟದ ಪಾಳಿ ಎಂದು ರೈಟಕ್ಕ ನನ್ನ ಹತ್ತಿರ ಹೇಳಿಕೊಂಡರು.

ಎಲ್ಲವನ್ನೂ ತಾನೇ ಮಾಡಬೇಕೆಂಬ ಹುಚ್ಚು ಮೊಂಡಿಗೂ ಇರಲಿಲ್ಲ. ಅಂಗಿಯ ಗುಂಡಿಗಳನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳಲು ಒಂದು ತಿಂಗಳು ಪಟ್ಟುಹಿಡಿದು ಕಲಿತಳು. ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಕಲಿತಾದ ಮೇಲೆ ಅಪ್ಪನ ಮುಂದೆ ಅಂಗಿಗಳ ರಾಶಿ ಹಾಕಿ, "ಗುಂಡಿ ಹಾಕೋಕೆ ಯಾರೂ ಸಂಬಳ ಕೊಡಲ್ಲ. ಎಲ್ಲಕ್ಕೂ ಒತ್ತಿದ್ರೆ ಹಿಡ್ಕೊಳ್ಳೋ ಅಂಟುಪಟ್ಟಿ ಹೊಲಿದುಕೊಡು" ಎಂದಳು. ದರ್ಜಿಗೆ ಮಗಳ ಈ ಲೆಕ್ಕಾಚಾರ ಬಹಳ ಹಿಡಿಸಿತು. ಗುಂಡಿಗಳನ್ನು ಮೇಲೆ ಹಾಗೇ ಬಿಟ್ಟು ಒಳಗೆ ಅಂಟುಪಟ್ಟಿ ಹೊಲಿದರು. ನೋಡಿದವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ರಂಪ ನಡೆದದ್ದು ಬಸ್ಸಿನ ವಿಷಯಕ್ಕೆ. ದಿನಕ್ಕೆ ಸಾವಿರ ಜನರನ್ನು ಹತ್ತಿಸಿ ಇಳಿಸುವ ರೈಟಕ್ಕನಿಗೆ ತಮ್ಮ ಮಗಳು ಒಂಟಿಯಾಗಿ ಬಸ್ಸು ಹತ್ತುವುದೆಂದರೆ ಎದೆಯೊಳಗೆ ಅವಲಕ್ಕಿ ಕುಟ್ಟಿದ ಹಾಗೆ. ಕೊನೆಗೆ ಒಪ್ಪಿದರು. ಮೊದಲ ದಿನ ಮೊಂಡಿ ಶಾಲೆಗೆ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಎರಡನೇ ದಿನವೂ. ಆದರೆ ಕಂಡಕ್ಟರುಗಳು ಎದ್ದು ನಿಂತು ಸೀಟು ಬಿಡಿಸುವುದು, ತಾನು ಇಳಿದ ಕೂಡಲೇ ಫೋನು ತೆಗೆಯುವುದು ಅವಳ ಕಣ್ಣಿಗೆ ಬಿತ್ತು. ಐದನೇ ದಿನ ಹಿಂದಿನ ಸೀಟಿನಲ್ಲಿ ಕೂತು ಕಿವಿಗೊಟ್ಟಳು. "ಅಕ್ಕ, ನಿಮ್ಮ ಪಾರ್ಸೆಲ್ಲು ಮಾರುಕಟ್ಟೆ ಸ್ಟಾಪ್ ದಾಟಿತು" ಎಂದು ಕಂಡಕ್ಟರು ಫೋನಿನಲ್ಲಿ ಹೇಳುತ್ತಿದ್ದ.

ಮೊಂಡಿ ಅಮ್ಮನ ಹತ್ತಿರ ಜಗಳವಾಡಲಿಲ್ಲ. ಮರುದಿನದಿಂದ ಅಮ್ಮನ ಡಿಪೋಗೆ ಸೇರದ, ಬೇರೆ ಡಿಪೋದ ಬಸ್ಸು ಹಿಡಿದಳು. ಅದಕ್ಕಾಗಿ ಎರಡು ಬೀದಿ ಹೆಚ್ಚು ನಡೆಯಬೇಕು, ಒಂದು ಕಡೆ ಬಸ್ಸು ಬದಲಿಸಬೇಕು. ಸಂಜೆ ಆರಾದರೂ ಯಾರಿಂದಲೂ ಸುದ್ದಿಯಿಲ್ಲದೆ ರೈಟಕ್ಕ ಬೀದಿಯ ತುದಿಗೂ ಮನೆಗೂ ಅಲೆದಾಡಿ ಅರೆಜೀವವಾಗಿದ್ದರು. ಮೊಂಡಿ ಬಂದು ಚಪ್ಪಲಿ ಬಿಡುತ್ತ ಹೇಳಿದಳು.

"ಪಾರ್ಸೆಲ್ಲು ಬಂತು."

ಅಷ್ಟೇ. ಮರುದಿನ ರೈಟಕ್ಕ ಡಿಪೋಗೆ ಹೋಗಿ ತಮ್ಮ ಗೂಢಚಾರರನ್ನೆಲ್ಲ ಕರೆದು, ಇನ್ನು ಮುಂದೆ ತಮ್ಮ ಮಗಳ ಸುದ್ದಿ ಹೇಳಿದವರ ಜೊತೆ ಮಾತು ಬಿಡುವುದಾಗಿ ಎಚ್ಚರಿಸಿ ಬಂದರು.

ಮುಂದಿನ ಎರಡು ವರ್ಷ ಮೊಂಡಿ ಓದಿನ ಜೊತೆಗೆ ರಜೆಯಲ್ಲೆಲ್ಲ ಕೆಲಸ ಮಾಡಿ ನೋಡಿದಳು. ಇದು ದರ್ಜಿಯ ಆಲೋಚನೆ. "ಬಟ್ಟೆ ಹಾಕ್ಕೊಂಡು ನೋಡದೆ ಅಳತೆ ಸರಿ ಇದೆ ಅಂತ ಹೇಗೆ ಹೇಳೋದು?" ಎಂದಿದ್ದರು. ರೈಟಕ್ಕನ ಆಸೆಯಂತೆ ಮೊದಲು ಒಂದು ದಂತವೈದ್ಯರ ಚಿಕಿತ್ಸಾಲಯದಲ್ಲಿ ಫೋನಿನ ಮುಂದೆ ಕೂತಳು. ಕುರ್ಚಿ ಮೆತ್ತಗಿತ್ತು, ಫ್ಯಾನಿತ್ತು. ಆದರೆ ಹಲ್ಲು ನೋವಿನವರಿಗೆ ಇವಳ ಮಾತು ಮುಗಿಯುವವರೆಗೆ ಕಾಯುವ ಸಮಾಧಾನ ಎಲ್ಲಿಂದ ಬರಬೇಕು? ಫೋನು ಕುಕ್ಕುತ್ತಿದ್ದರು. ನಾಲ್ಕನೇ ದಿನ ಮೊಂಡಿ ತಾನೇ ಬಿಟ್ಟು ಬಂದಳು. "ನನಗಾಗಲ್ಲ ಅಂತ ಅಲ್ಲ. ನನಗೆ ಇದು ಬೇಡ" ಎಂದಳು. ಆಮೇಲೆ ಜೆರಾಕ್ಸ್ ಅಂಗಡಿ. ಅಲ್ಲಿ ಹಾಳೆ ಜೋಡಿಸಿ ಪಿನ್ನು ಹೊಡೆಯಲು ಎರಡು ಕೈ ಬೇಕಿತ್ತು, ಹಿಂದೆ ಸಾಲು ಬೆಳೆಯುತ್ತಿತ್ತು. ಅದೂ ಆಗಲಿಲ್ಲ.

ಅವಳ ಮನಸ್ಸಿನಲ್ಲಿದ್ದದ್ದು ಬೇರೆಯೇ. ಹುಟ್ಟಿದಾಗಿನಿಂದ ಅಪ್ಪನ ಮೇಜಿನ ಕೆಳಗೆ, ಬಟ್ಟೆಯ ಚೂರುಗಳ ನಡುವೆ ಬೆಳೆದವಳು. ಚೂರಿಗೆ ಸರಿಹೊಂದುವ ದಾರ ಹುಡುಕಿಕೊಡುವುದೇ ಅವಳ ಆಟವಾಗಿತ್ತು. ಅಪ್ಪನ ಕಣ್ಣು ಮಂಜಾಗತೊಡಗಿದ ಮೇಲೆ ಅದು ಆಟವಾಗಿ ಉಳಿಯಲಿಲ್ಲ. ಕಡು ನೀಲಿಗೂ ಕಪ್ಪಿಗೂ ನಡುವಿನ ಬಣ್ಣ, ಒಗೆದ ಮೇಲೆ ಬೂದಿಯಾಗುವ ಹಸಿರು, ಕಿಟಕಿಯ ಬೆಳಕಿನಲ್ಲಿ ಒಂದು, ದೀಪದ ಬೆಳಕಿನಲ್ಲಿ ಇನ್ನೊಂದಾಗಿ ಕಾಣುವ ಕೆಂಪು, ಎಲ್ಲವನ್ನೂ ತಪ್ಪುತ್ತ ತಪ್ಪುತ್ತ ಕಲಿತಿದ್ದಳು. ಹಳೇ ಪೇಟೆಯಲ್ಲಿ ದರ್ಜಿಗಳೆಲ್ಲ ಹೋಗುವ ದೊಡ್ಡ ದಾರದಂಗಡಿಯಲ್ಲಿ ಕೆಲಸಕ್ಕೆ ಸೇರಬೇಕೆಂಬುದು ಅವಳ ಆಸೆ.

ಹದಿನೆಂಟು ತುಂಬಿದ ತಿಂಗಳು ಅವಳು ಅದನ್ನು ಬಾಯಿಬಿಟ್ಟು ಹೇಳಿದಳು. ಒಂದು ವಾರ ಸಂಜೆ ನನ್ನ ಅಡುಗೆಮನೆಯಲ್ಲಿ ಸಂದರ್ಶನದ ತಾಲೀಮು ನಡೆಯಿತು. ನಾನು ಅಂಗಡಿ ಯಜಮಾನಿ, ಅವಳು ಅಭ್ಯರ್ಥಿ. "ನಿನ್ನ ಕೈಗೆ ಏನಾಗಿದೆ?" ಎಂದು ಒರಟಾಗಿ ಕೇಳಿ ಎಂದು ಅವಳೇ ನನಗೆ ಹೇಳಿಕೊಟ್ಟಳು. ಮೊದಲ ಸಲ ಕೇಳುವಾಗ ನನ್ನ ನಾಲಗೆಯೇ ಏಳಲಿಲ್ಲ. "ನೀವೇ ಹೀಗೆ ತಡವರಿಸಿದ್ರೆ ಹೇಗೆ ಅತ್ತೆ? ಅವರು ಕೇಳೇ ಕೇಳ್ತಾರೆ. ಇಲ್ಲೇ ಕೇಳಿಸಿಕೊಂಡು ಹೋದ್ರೆ ಅಲ್ಲಿ ನಾಟೋದಿಲ್ಲ" ಎಂದಳು.

ಅಂಗಡಿಗೆ ಹೋಗುವ ದಿನ ರೈಟಕ್ಕ ಬಾಗಿಲವರೆಗೆ ಬರಬಹುದು, ಒಳಗೆ ಬರಬಾರದು ಎಂದು ಕರಾರಾಗಿತ್ತು. ಕರಾರು ಮೂರು ನಿಮಿಷವೂ ಉಳಿಯಲಿಲ್ಲ. ಯಜಮಾನರು ಮೊಂಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವಳನ್ನು ಬಿಟ್ಟು ಬಾಗಿಲಲ್ಲಿದ್ದ ತಾಯಿಯನ್ನು ಕೇಳಿದರು.

"ಇವಳಿಗೆ ಲೆಕ್ಕ ಬರುತ್ತಾ?"

"ಬರುತ್ತೆ ಸರ್, ಶಾಲೇಲಿ..." ಎನ್ನುತ್ತ ರೈಟಕ್ಕ ಒಳಗೆ ಕಾಲಿಟ್ಟೇಬಿಟ್ಟರು. ಮೊಂಡಿ ತಿರುಗಿ ನೋಡದೆ ಬಲಗೈ ಎತ್ತಿ ಹಿಂದಕ್ಕೆ ಹಿಡಿದಳು, ಬಸ್ಸು ನಿಲ್ಲಿಸುವವರ ಹಾಗೆ. ರೈಟಕ್ಕ ಇದ್ದಲ್ಲೇ ನಿಂತರು.

"ನನ್ನನ್ನೇ ಕೇಳಿ ಸರ್. ನನ್ನ ಮಾತು ನಿಧಾನ. ಕಾದ್ರೆ ಪೂರ್ತಿ ಬರುತ್ತೆ" ಎಂದಳು ಮೊಂಡಿ. ಇಷ್ಟು ಹೇಳಲು ಅವಳಿಗೆ ಅರ್ಧ ನಿಮಿಷವೇ ಹಿಡಿಯಿತು. ಯಜಮಾನರು ವಿಧಿಯಿಲ್ಲದೆ ಕಾದರು. "ಎಡಗೈಲಿ ಏನೂ ಹಿಡಿಯೋಕಾಗಲ್ಲ. ಏಣಿ ಹತ್ತಲ್ಲ. ಬಣ್ಣ ನೋಡ್ತೀನಿ. ಯಾವುದಾದ್ರೂ ಬಟ್ಟೆ ಕೊಡಿ."

ಯಜಮಾನರು ಡಬ್ಬಿಯಿಂದ ಐದು ಚೂರು ತೆಗೆದು ಕೌಂಟರಿನ ಮೇಲೆ ಎಸೆದರು. ಮೊಂಡಿ ಅವನ್ನು ತೆಗೆದುಕೊಂಡು ಮೊದಲು ಬೀದಿಯ ಬೆಳಕಿಗೆ ಹೋದಳು. ಮತ್ತೆ ಒಳಗೆ ಬಂದು, ಕಾಲೆಳೆಯುತ್ತ ರೀಲುಗಳ ಗೂಡುಗಳ ಉದ್ದಕ್ಕೂ ನಡೆದು ಐದು ರೀಲು ತಂದಿಟ್ಟಳು. ನಾಲ್ಕು ಸರಿಯಾಗಿದ್ದವು. ಐದನೆಯದು ತುಸು ತಪ್ಪು. ಅದನ್ನು ಯಜಮಾನರಿಗಿಂತ ಮೊದಲು ಅವಳೇ ಹೇಳಿದಳು. "ಇದಕ್ಕೆ ಸರಿಯಾದ್ದು ಮೇಲಿನ ಗೂಡಲ್ಲಿದೆ. ನನ್ನ ಕೈಗೆ ಎಟುಕಲಿಲ್ಲ."

ಮೂರು ವಾರ ಕೆಲಸ ಮಾಡಿ ತೋರಿಸು, ಆಮೇಲೆ ನೋಡೋಣ ಎಂದರು ಯಜಮಾನರು.

ಆ ಮೂರು ವಾರ ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಲೇಸು, ಇಲಾಸ್ಟಿಕ್ಕು ಅಳೆಯುವಾಗ ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಮೊದಲ ದಿನವೇ ಒಬ್ಬರಿಗೆ ಗೇಣುದ್ದ ಕಡಿಮೆ ಕತ್ತರಿಸಿಕೊಟ್ಟಳು. ಸಂಜೆ ಅಪ್ಪ ಮಗಳು ಕೂತು ಉಪಾಯ ಹುಡುಕಿದರು. ಕೌಂಟರಿನ ಅಳತೆಪಟ್ಟಿಯ ಮೊದಲ ತುದಿಗೆ ಕಚೇರಿಯ ಕಾಗದಕ್ಕೆ ಹಾಕುವ ಗಟ್ಟಿ ಕ್ಲಿಪ್ಪು. ಅದಕ್ಕೆ ಲೇಸು ಸಿಕ್ಕಿಸಿ ಬಲಗೈಯಿಂದ ಎಳೆಯುವುದು. ಬೇಕಾದ ಅಳತೆಗೆ ಬಂದಾಗ ದರ್ಜಿಗಳು ಬಟ್ಟೆಯ ಮೇಲಿಡುವ ಕಬ್ಬಿಣದ ಗುಂಡು ಇಟ್ಟು, ಕೈ ಬಿಡಿಸಿಕೊಂಡು ಕತ್ತರಿಸುವುದು. ಎರಡನೇ ವಾರದ ಹೊತ್ತಿಗೆ ಅಂಗಡಿಯ ಇನ್ನಿಬ್ಬರು ಕೆಲಸದವರೂ ಯಾರೂ ನೋಡದಾಗ ಅದೇ ಕ್ಲಿಪ್ಪು ಬಳಸತೊಡಗಿದರು. ಗಿರಾಕಿಗಳಲ್ಲಿ ಕೆಲವರು ಬಾಗಿಲಲ್ಲೇ, "ಬೇರೆ ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. ಅಂಥವರನ್ನು ಮೊಂಡಿ ಬೇರೆಯವರಿಗೆ ಬಿಟ್ಟು ಮುಂದಿನವರ ಬಟ್ಟೆಗೆ ಕೈಚಾಚುತ್ತಿದ್ದಳು. ಹೀಗೆ ಬರುತ್ತಿದ್ದವರಲ್ಲಿ ಶಾಲಾ ಸಮವಸ್ತ್ರ ಹೊಲಿಸುವ ಕಾರ್ಖಾನೆಯೊಂದರ ಒಡತಿಯೂ ಇದ್ದರು. ಗಡಸು ಹೆಂಗಸು. ಇವಳು ತಂದುಕೊಟ್ಟ ರೀಲನ್ನು ಎರಡು ಸಲ ವಾಪಸು ಕಳಿಸಿ, ಮೂರನೆಯದನ್ನು ಏನೂ ಹೇಳದೆ ತೆಗೆದುಕೊಂಡು ಹೋಗಿದ್ದರು.

ಮೂರು ವಾರ ಮುಗಿದ ಸಂಜೆ ಯಜಮಾನರು ತಾಯಿಯನ್ನೂ ಕರೆಸಿದರು. ಮೊಂಡಿಯ ಕೆಲಸವನ್ನು ಬಾಯಿತುಂಬ ಹೊಗಳಿದರು. ಆಮೇಲೆ ಸಂಬಳದ ಮಾತು ಬಂತು. ಉಳಿದವರಿಗೆ ಕೊಡುವುದರಲ್ಲಿ ಅರ್ಧ.

"ಅವಳಿಗೂ ಹೊತ್ತು ಹೋಗುತ್ತೆ, ನಾಲ್ಕು ಜನ ಕಂಡ ಹಾಗಾಗುತ್ತೆ" ಎಂದರು. "ಬೇರೆ ಯಾರು ಇಟ್ಕೊಳ್ತಾರೆ ಹೇಳಿ. ನಾನು ಮನುಷ್ಯತ್ವದಿಂದ ಹೇಳ್ತಿದ್ದೀನಿ."

ದೊಡ್ಡ ಮನುಷ್ಯರನ್ನು ಬಸ್ಸು ನಿಲ್ಲಿಸಿ ಎದುರಿಸಿದ ರೈಟಕ್ಕ ಈಗ ಸಿಡಿದೇಳುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವರು ಮಗಳ ತೋಳು ಹಿಡಿದು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ ಹೇಳಿದ್ದು ಬೇರೆ.

"ಒಪ್ಕೊಳ್ಳೇ. ಮೊದಲು ಒಳಗೆ ಕಾಲಿಡು. ಆಮೇಲೆ ಕೇಳೋಣ. ಇದೂ ಕೈತಪ್ಪಿದ್ರೆ..."

ಎರಡು ವರ್ಷ ಓಡಾಡಿ ಅವರಿಗೂ ಸುಸ್ತಾಗಿತ್ತು. ಬಾಗಿಲು ಮುಚ್ಚುವ ಸದ್ದನ್ನು ಮಗಳಿಗಿಂತ ಹೆಚ್ಚಾಗಿ ಅವರೇ ಕೇಳಿಸಿಕೊಂಡಿದ್ದರು.

ಮೊಂಡಿ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ಯಜಮಾನರಿಗೂ ಕೇಳುವ ಹಾಗೆ, ಒಂದೊಂದೇ ಮಾತನ್ನು ಎತ್ತಿಟ್ಟು ಹೇಳಿದಳು.

"ಅಮ್ಮ. ಅರ್ಧ ಟಿಕೆಟ್ ತಗೊಂಡು... ಪೂರ್ತಿ ಸೀಟಲ್ಲಿ ಕೂತ್ರೆ... ನೀನು ಬಿಡ್ತೀಯಾ?"

ರೈಟಕ್ಕ ಮಗಳ ತೋಳು ಬಿಟ್ಟರು.

"ಇವರು ಪೂರ್ತಿ ಸೀಟು ಕೇಳ್ತಿದ್ದಾರೆ. ಬೆಳಗ್ಗೆ ಹತ್ತರಿಂದ ಸಂಜೆ ಏಳು. ನಾನೇನು ಅರ್ಧ ದಿನ ಬರ್ತೀನಾ? ಅರ್ಧ ಬಣ್ಣ ನೋಡ್ತೀನಾ?" ಯಜಮಾನರ ಕಡೆ ತಿರುಗಿದಳು. "ಕೆಲಸ ಕಲಿಸಿದ್ದಕ್ಕೆ ಥ್ಯಾಂಕ್ಸ್ ಸರ್. ಕ್ಲಿಪ್ಪು ನಮ್ಮಪ್ಪಂದು, ತಗೊಂಡು ಹೋಗ್ತೀನಿ."

ಕ್ಲಿಪ್ಪು ಬಿಚ್ಚಿ, ಕಬ್ಬಿಣದ ಗುಂಡು ಚೀಲಕ್ಕೆ ಹಾಕಿಕೊಂಡು ಇಳಿದೇಬಿಟ್ಟಳು. ರೈಟಕ್ಕ ಯಜಮಾನರಿಗೆ, "ಮನುಷ್ಯತ್ವ ಇದ್ದವರು ಪೂರ್ತಿ ಸಂಬಳ ಕೊಡ್ತಾರೆ ಸರ್" ಎಂದು ಹೇಳಿ ಮಗಳ ಹಿಂದೆ ಹೊರಟರು. ಬೀದಿಯಲ್ಲಿ ಮಗಳನ್ನು ಸೇರಿಕೊಳ್ಳಲು ಓಡಬೇಕಾಯಿತು. ಕಾಲೆಳೆಯುವವಳು ಅಷ್ಟು ಬಿರುಸಾಗಿ ನಡೆದದ್ದನ್ನು ಅವರು ಅದಕ್ಕೆ ಮೊದಲು ಕಂಡಿರಲಿಲ್ಲ.

"ನನ್ನ ಬಾಯಿ ಕಟ್ಟಿಹೋಗಿತ್ತು ಕಣೇ" ಎಂದರು.

"ಗೊತ್ತು. ಅದಕ್ಕೇ ನಾನೇ ಹೇಳಿದೆ" ಎಂದಳು ಮೊಂಡಿ.

ಅಂಗಡಿಯವರು ಮನಸ್ಸು ಬದಲಿಸಿ ಕರೆಯುತ್ತಾರೆಂದು ರೈಟಕ್ಕ ಹದಿನೈದು ದಿನ ಫೋನು ಹಿಡಿದುಕೊಂಡೇ ಓಡಾಡಿದರು. ಕರೆ ಬರಲಿಲ್ಲ. ಮೊಂಡಿ ಕಾಯುತ್ತಲೂ ಇರಲಿಲ್ಲ. ದಿನವೂ ಬೆಳಗ್ಗೆ ಹೊರಟು ಪೇಟೆಯ ಒಂದೊಂದೇ ಅಂಗಡಿ, ಕಾರ್ಖಾನೆ ಹತ್ತಿಳಿದಳು. ಒಂದು ಕಡೆ ಮೆಟ್ಟಿಲೇ ಹತ್ತಗೊಡಲಿಲ್ಲ. ಒಂದು ಕಡೆ ಭಿಕ್ಷೆಗೆ ಬಂದವಳೆಂದು ತಿಳಿದು ಚಿಲ್ಲರೆ ನೀಡಿದರು. ಅವಳು ಅದನ್ನು ಅವರ ಗಲ್ಲಾಪೆಟ್ಟಿಗೆಯ ಮೇಲೇ ಇಟ್ಟು, "ನಾನು ಕೆಲಸ ಕೇಳೋಕೆ ಬಂದೆ" ಎಂದು ಅವರು ಕೇಳುವವರೆಗೂ ನಿಂತು ಹೇಳಿ ಬಂದಳು. ಕೆಲಸ ಅಲ್ಲೂ ಸಿಗಲಿಲ್ಲ. ಆದರೂ ಹೇಳಿಯೇ ಬರುವುದು ತನ್ನ ಪದ್ಧತಿ ಎಂದಳು ನನ್ನ ಹತ್ತಿರ.

ಹತ್ತನೆಯದೋ ಹನ್ನೊಂದನೆಯದೋ ಜಾಗ ಆ ಸಮವಸ್ತ್ರದ ಕಾರ್ಖಾನೆ. ತಗಡಿನ ಮಾಡಿನ ಉದ್ದನೆಯ ಕೋಣೆ, ನಲವತ್ತು ಯಂತ್ರಗಳ ಗದ್ದಲ. ಒಡತಿ ಇವಳನ್ನು ಕಂಡು, "ದಾರದಂಗಡಿ ಹುಡುಗಿ ಅಲ್ವಾ? ಯಾಕೆ ಬಿಟ್ಟೆ?" ಎಂದರು.

"ಅರ್ಧ ಸಂಬಳ ಅಂದ್ರು."

"ನಾನೂ ಅಷ್ಟೇ ಕೊಡ್ತೀನಿ ಅಂದ್ರೆ?"

"ಇಲ್ಲಿಂದಲೂ ಹೋಗ್ತೀನಿ."

ಒಡತಿ ನಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಉಗ್ರಾಣದ ಕೋಣೆ ತೋರಿಸಿದರು. ದಾರ, ಗುಂಡಿ, ಜಿಪ್ಪು, ಬಟ್ಟೆಯ ಥಾನು ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. "ಹಿಂದಿನವನು ಹೀಗೆ ಮಾಡಿಟ್ಟು ಹೋಗಿದ್ದಾನೆ. ಇದನ್ನ ಸರಿಮಾಡಿ ನಲವತ್ತು ಯಂತ್ರಕ್ಕೂ ದಾರ ಒದಗಿಸಬೇಕು. ಎಲ್ಲರಿಗೂ ಕೊಡೋ ಸಂಬಳವೇ ನಿನಗೂ. ತಪ್ಪು ಮಾಡಿದ್ರೆ ಎಲ್ಲರಿಗೂ ಬೈಯೋ ಹಾಗೇ ಬೈತೀನಿ. ಅಳೋ ಹಾಗಿಲ್ಲ."

"ಬೈಯಿರಿ. ಆದ್ರೆ ಗೂಡುಗಳನ್ನ ನನ್ನ ಎದೆಮಟ್ಟಕ್ಕೆ ಇಳಿಸಿಕೊಡಬೇಕು. ಏಣಿ ಹತ್ತಲ್ಲ."

"ಬಡಗಿಗೆ ಹೇಳ್ತೀನಿ" ಎಂದರು ಒಡತಿ.

ಹೀಗೆ ಮೊಂಡಿ ಕೆಲಸಕ್ಕೆ ಸೇರಿದಳು. ಎರಡನೇ ವಾರವೇ ಒಂದು ಎಡವಟ್ಟಾಯಿತು. ಎರಡು ಶಾಲೆಗಳ ಬೂದು ಬಣ್ಣ ಅದಲುಬದಲಾಗಿ, ಒಂದು ಸಾಲಿನವರು ಅರ್ಧ ದಿನ ತಪ್ಪು ದಾರದಲ್ಲಿ ಹೊಲಿದರು. ಒಡತಿ ಎಲ್ಲರ ಮುಂದೆ ನಿಲ್ಲಿಸಿ ನೀರಿಳಿಸಿದರಂತೆ. ಆ ಸಂಜೆ ಮೊಂಡಿ ಮನೆಗೆ ಬಂದು ಮುಖ ತೊಳೆದುಕೊಂಡು, ಟೀ ಮಾಡಿಕೊಂಡು ಕೂತಳು.

"ಇವತ್ತು ಸರಿಯಾಗಿ ಬೈಸಿಕೊಂಡೆ" ಎಂದಳು.

ರೈಟಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು. ಯಾರು ಬೈದದ್ದು, ಏನಂತ ಬೈದದ್ದು, ಆ ಕಾರ್ಖಾನೆ ಇರುವುದು ಯಾವ ಸ್ಟಾಪಿನಲ್ಲಿ ಎಂದು ಶುರುಮಾಡಿದವರು ಅರ್ಧಕ್ಕೇ ನಿಂತರು. ಶಾಲೆಯಲ್ಲಿ, ನೆಂಟರ ಮನೆಯಲ್ಲಿ ಈ ಹುಡುಗಿ ಏನು ತಪ್ಪು ಮಾಡಿದರೂ "ಪಾಪ, ಬಿಡಿ" ಎಂದವರೇ ಎಲ್ಲ. ಹದಿನೆಂಟು ವರ್ಷದಲ್ಲಿ ಹೊರಗಿನವರೊಬ್ಬರು ಇವಳ ತಪ್ಪನ್ನು ತಪ್ಪು ಎಂದು ಎಣಿಸಿ ಬೈದದ್ದು ಇದೇ ಮೊದಲು. ರೈಟಕ್ಕ ಮತ್ತೆ ಕೂತರು.

"ತಪ್ಪು ಯಾರದು?"

"ನಂದೇ. ಚೀಟಿ ಅಂಟಿಸಿರಲಿಲ್ಲ."

"ನಾಳೆ?"

"ಅಂಟಿಸ್ತೀನಿ."

"ಹಾಗಾದ್ರೆ ಆಯ್ತು" ಎಂದು ರೈಟಕ್ಕ ಮಗಳ ಲೋಟದಿಂದಲೇ ಒಂದು ಗುಟುಕು ಟೀ ಕುಡಿದರು. ಸಕ್ಕರೆ ಕಡಿಮೆಯಾಗಿದೆ ಎಂದೂ ಹೇಳಿದರು.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಮೊಂಡಿ ಈಗ ಆ ಉಗ್ರಾಣದ ಮುಖ್ಯಸ್ಥೆ. ಕೈಕೆಳಗೆ ಇಬ್ಬರು ಹೆಂಗಸರಿದ್ದಾರೆ. ಅವರಲ್ಲಿ ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ನಿಧಾನವಾಗಿ ಮಾತಾಡುವ ಮೊಂಡಿಯ ತುಟಿಯ ಚಲನೆ ಬೇರೆಲ್ಲರದಕ್ಕಿಂತ ಸಲೀಸಾಗಿ ಅರ್ಥವಾಗುತ್ತದೆ ಎಂದು ಆಕೆ ಹೇಳುತ್ತಾರಂತೆ.

ಅತ್ತ ರೈಟಕ್ಕನ ಬಸ್ಸಿನಲ್ಲಿ ಕೆಲವು ತಂದೆತಾಯಿಯರು ಕೊನೆಯ ಸ್ಟಾಪಿನವರೆಗೆ ಇಳಿಯದೆ ಕೂತಿರುತ್ತಾರೆ. ತಮ್ಮ ಹುಡುಗನಿಗೆ ಕಣ್ಣು ಮಂದ, ತಮ್ಮ ಹುಡುಗಿಗೆ ಬುದ್ಧಿ ನಿಧಾನ, ನೀವು ಮಗಳಿಗೆ ಏನು ಮಾಡಿದಿರಿ, ಯಾರನ್ನು ಹಿಡಿದಿರಿ ಎಂದು ಕೇಳುತ್ತಾರೆ. "ಯಾರನ್ನೂ ಹಿಡೀಲಿಲ್ಲ. ಅವಳನ್ನ ಬಿಟ್ಟೆ. ಅದೇ ಕಷ್ಟ" ಎನ್ನುತ್ತಾರೆ ರೈಟಕ್ಕ. "ಮೊದಲು ಮಗು ಕೈಗೆ ಅದರ ಚೀಲ ಕೊಡಿ. ಬೀಳಿಸಲಿ, ಮರೆತು ಬರಲಿ. ಏನು ಇಷ್ಟ ಅಂತ ಅದನ್ನೇ ಕೇಳಿ, ಉತ್ತರ ಬರೋವರೆಗೂ ಬಾಯಿ ಮುಚ್ಕೊಂಡಿರಿ. ನನಗೆ ಇದು ಬರೋಕೆ ಎರಡು ವರ್ಷ ಬೇಕಾಯ್ತು. ನೀವು ನನಗಿಂತ ಜಾಣರು ಅಂತ ಕಾಣ್ತೀರಿ."

ಹಾಗೆಂದು ಅವರು ಪೂರ್ತಿ ಕಲಿತಿದ್ದಾರೆ ಎಂದುಕೊಳ್ಳಬೇಡಿ. ಹೋದ ತಿಂಗಳಿಂದ ಆ ಮನೆಯಲ್ಲಿ ಹೊಸ ಜಗಳ ಹತ್ತಿಕೊಂಡಿದೆ. ಕಾರ್ಖಾನೆಯ ಹತ್ತಿರ ನೆಲಮಹಡಿಯಲ್ಲಿ ಒಂದು ಕೋಣೆ ಖಾಲಿಯಿದೆ, ಕಿವಿ ಕೇಳದ ಆ ಗೆಳತಿಯ ಜೊತೆ ತಾನಲ್ಲಿ ಬಾಡಿಗೆಗೆ ಇರುತ್ತೇನೆ ಎಂದು ಮೊಂಡಿ ಹೇಳಿದ್ದಾಳೆ. ರೈಟಕ್ಕ ಆಗುವುದೇ ಇಲ್ಲ ಎಂದಿದ್ದಾರೆ. ನಿನ್ನೆ ಭಾನುವಾರ ಮಧ್ಯಾಹ್ನ ನಾನು ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ಬಾಗಿಲು ತೆರೆದಿತ್ತು. ದರ್ಜಿ ನೆಲದ ಮೇಲೆ ಕೂತು ಕಿಟಕಿ ಪರದೆಯ ಬಟ್ಟೆ ಕತ್ತರಿಸುತ್ತಿದ್ದರು. ಅವರ ಕಿಟಕಿಗಳಿಗೆ ಆಗಲೇ ಪರದೆಗಳಿದ್ದವು.

"ಯಾರ ಮನೆಗೆ ಹೊಲೀತಿದ್ದೀರಿ?" ಎಂದು ರೈಟಕ್ಕ ಒಳಗಿನಿಂದ ಕೇಳುತ್ತಿದ್ದರು. "ನಾನು ಇನ್ನೂ ಹೂಂ ಅಂದಿಲ್ಲ."

"ಅಳತೆ ನಾನೇ ಕೊಟ್ಟಿದ್ದು" ಎಂದಳು ಮೊಂಡಿ.